ಸಹಾಯ ಬೇಕು: ಭ್ರೂಣದ ಕೋಶಗಳನ್ನು ಹಿಡಿದಿಡುವುದು ಅಂಟೋ, ಬಿಗಿತವೋ?

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಸೆಮಿನಾರ್ ಕೊಡಬೇಕು, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಇಲಿಯ ಭ್ರೂಣ ಎಂಟು ಕೋಶಗಳ ಹಂತಕ್ಕೆ ಬರುವವರೆಗೂ ಕೋಶಗಳು ಗೋಲಿಗಳ ಹಾಗೆ ಬಿಡಿಬಿಡಿಯಾಗಿ ಕಾಣುತ್ತವೆ. ಆಮೇಲೆ ಒಂದಕ್ಕೊಂದು ಒತ್ತಿಕೊಂಡು, ನಡುವಿನ ಗೆರೆಗಳೇ ಮಾಸಿ, ಒಂದೇ ಉಂಡೆಯಾಗುತ್ತವೆ. ಇದಕ್ಕೆ ಕೋಶಗಳನ್ನು ಒಂದಕ್ಕೊಂದು ಅಂಟಿಸುವ ಇ-ಕ್ಯಾಡ್ಹೆರಿನ್ ಪ್ರೋಟೀನ್ ಬೇಕು. ಅದು ಅಂಟಲು ಕ್ಯಾಲ್ಸಿಯಂ ಬೇಕು, ಹಾಗಾಗಿ ದ್ರಾವಣದಿಂದ ಕ್ಯಾಲ್ಸಿಯಂ ತೆಗೆದರೆ ಮತ್ತೆ ಸಡಿಲ. ಇಲ್ಲಿಯವರೆಗೆ ಅರ್ಥವಾಗಿದೆ.

1955ರಲ್ಲಿ ಟೌನ್ಸ್ ಮತ್ತು ಹೋಲ್ಟ್‌ಫ್ರೆಟರ್ ಪ್ರಕಟಿಸಿದ ಪ್ರಯೋಗವೂ ಗೊತ್ತು. ಉಭಯಚರ ಭ್ರೂಣದ ಕೋಶಗಳನ್ನು ಕ್ಷಾರೀಯ ದ್ರಾವಣದಲ್ಲಿ ಬಿಡಿಸಿ ಕಲಸಿಬಿಟ್ಟರೂ ಅವು ತಂತಾವೇ ವಿಂಗಡವಾದವು: ಚರ್ಮವಾಗಬೇಕಾದವು ಹೊರಗೆ, ನರಫಲಕದವು (ಮುಂದೆ ಮಿದುಳು, ಬೆನ್ನುಹುರಿಯಾಗುವ ಪದರ) ಒಳಗೆ. (ಮೊದಲ ಸಲ ಓದಿದಾಗ ನನಗೆ ನಂಬಿಕೆಯೇ ಬರಲಿಲ್ಲ.) ಹೆಚ್ಚು ಅಂಟುವ ಕೋಶಗಳು ಒಳಗೆ, ಕಡಿಮೆ ಅಂಟುವವು ಹೊರಗೆ ಎಂಬುದು ಜೀವವಿಜ್ಞಾನಿ ಸ್ಟೈನ್‌ಬರ್ಗ್ ಇದಕ್ಕೆ ಕೊಟ್ಟ ವಿವರಣೆ; ನೀರು ಎಣ್ಣೆ ಬೇರೆಯಾಗುವ ಹಾಗೆ.

ತೊಡಕು ಇಲ್ಲೇ. ಅಂಟಿಗಿಂತ ಕೋಶದ ಹೊರಪದರದ ಆಕ್ಟಿನ್-ಮಯೋಸಿನ್ (ಎಳೆದು ಕುಗ್ಗಿಸುವ ಪ್ರೋಟೀನ್ ಎಳೆಗಳು) ಬಿಗಿತವೇ ಮುಖ್ಯ ಎಂದು ಈಚಿನ ಲೇಖನಗಳು ಹೇಳುತ್ತವೆ. ಹಾಗಾದರೆ ಕ್ಯಾಡ್ಹೆರಿನ್ ಕೆಲಸ ಬರೀ ಕೊಂಡಿ ಹಾಕುವುದಾ, ಅಥವಾ ಎರಡು ಕೋಶಗಳು ತಾಗುವ ಜಾಗದಲ್ಲಿ ಬಿಗಿತವನ್ನೂ ಅದೇ ಇಳಿಸುತ್ತದಾ?

ಇನ್ನೊಂದು ಸಣ್ಣ ಪ್ರಶ್ನೆ: ನರಫಲಕ ಮಡಿಚಿ ಆಗುವ ನರನಾಳ ಚರ್ಮದ ಪದರದಿಂದ ಬೇರ್ಪಡುವಾಗ ಅದರಲ್ಲಿ ಇ-ಕ್ಯಾಡ್ಹೆರಿನ್ ಹೋಗಿ ಅದೇ ಕುಟುಂಬದ ಎನ್-ಕ್ಯಾಡ್ಹೆರಿನ್ ಬರುತ್ತದಲ್ಲ, ಆ ಬದಲಾವಣೆಯೇ ಬೇರ್ಪಡಿಸುತ್ತದಾ, ಇಲ್ಲ ಮಡಿಕೆ ಬಿದ್ದ ಮೇಲಿನ ಕಥೆಯಾ?

ಸೂತ್ರಗಳು ಬೇಡ, ಕೈಯಲ್ಲಿ ಬರೆದ ಒಂದು ಚಿತ್ರ ಹಾಕಿದರೂ ಸಾಕು.