ಎನ್‌ವಿಎಂಇ ಡ್ರೈವ್ ವಿಂಡೋಸ್‌ನಲ್ಲಿ ಕಾಣುತ್ತದೆ, ಬೂಟ್ ಪಟ್ಟಿಯಲ್ಲಿ ಇಲ್ಲ (ಎಚ್61 ಬೋರ್ಡ್)

ಮುದ್ರಣಮನೆ:
ಮನೆಯಲ್ಲೇ ಲಗ್ನಪತ್ರಿಕೆಗಳ ವಿನ್ಯಾಸ ಮಾಡಿಕೊಡುತ್ತೇನೆ. ಕಂಪ್ಯೂಟರ್ 2012ರದ್ದು: ಎಚ್61 ಮದರ್‌ಬೋರ್ಡ್, ಎರಡನೇ ತಲೆಮಾರಿನ ಐ3, 8 ಜಿಬಿ ಮೆಮೊರಿ, ನಿಮಿಷಕ್ಕೆ 7200 ಸುತ್ತಿನ 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಸ್ವಿಚ್ ಒತ್ತಿ ಸ್ನಾನ ಮುಗಿಸಿ ಬಂದರೂ ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಸದಾ 100%. ನಡುನಡುವೆ ಅರ್ಧ ನಿಮಿಷ ಎಲ್ಲವೂ ಸ್ತಬ್ಧ.

ಅಂಗಡಿಯವರು ‘ಇದೇ ಅತಿ ವೇಗದ್ದು’ ಎಂದು ಎನ್‌ವಿಎಂಇ ಡ್ರೈವನ್ನೂ (ಪಿಸಿಐಇ ದಾರಿಯಲ್ಲಿ ಕೆಲಸ ಮಾಡುವ ಚಿಪ್ ಡ್ರೈವ್), ಅದನ್ನು ಕೂರಿಸಲು ಒಂದು ಅಡಾಪ್ಟರ್ ಕಾರ್ಡನ್ನೂ ಕೊಟ್ಟರು. ಉದ್ದನೆಯ ಪಿಸಿಐಇ ಸ್ಲಾಟ್‌ನಲ್ಲಿ ಹಾಕಿದೆ. ವಿಂಡೋಸ್ ಒಳಗೆ ಡಿ ಡ್ರೈವ್ ಆಗಿ ಚೆನ್ನಾಗಿ ಕಾಣುತ್ತದೆ. ಸ್ವಿಚ್ ಒತ್ತಿದಾಗ ಮೊದಲು ಏಳುವ ಬಯಾಸ್‌ನ ಬೂಟ್ ಪಟ್ಟಿಯಲ್ಲಿ ಮಾತ್ರ ಹೆಸರೇ ಇಲ್ಲ. ಡ್ರೈವ್ ದೋಷವೇ? ಮದರ್‌ಬೋರ್ಡ್ ಬದಲಿಸಬೇಕೇ?

ತಿರುಪುಳಿ:
ಡ್ರೈವ್ ಸರಿಯಾಗಿದೆ, ಜೋಡಣೆಯೂ ಸರಿಯಾಗಿದೆ. ವಿಂಡೋಸ್ 10ಕ್ಕೆ ಎನ್‌ವಿಎಂಇ ಗೊತ್ತು, ಆದ್ದರಿಂದ ಅದು ಎದ್ದ ಮೇಲೆ ಡ್ರೈವ್ ಕಾಣುತ್ತದೆ. ಆದರೆ ವಿಂಡೋಸನ್ನು ಎಬ್ಬಿಸಬೇಕಾದ ಬಯಾಸ್‌ಗೆ ಅದು ಗೊತ್ತಿಲ್ಲ. ಎನ್‌ವಿಎಂಇಯ ಮೊದಲ ಆವೃತ್ತಿ ಬಂದದ್ದೇ 2011ರಲ್ಲಿ. ಮನೆಬಳಕೆಯ ಬೋರ್ಡ್‌ಗಳು ಅದರಿಂದ ಬೂಟ್ ಆಗುವುದನ್ನು ಕಲಿಯಲು ಇನ್ನೂ ಕೆಲವು ವರ್ಷ ಹಿಡಿಯಿತು.

ಬೋರ್ಡ್ ಬದಲಿಸಬೇಡಿ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ತನ್ನಿ, ಅಂದರೆ ಹಾರ್ಡ್ ಡಿಸ್ಕ್‌ನಂಥದೇ ಕೇಬಲ್‌ಗೆ ಸಿಕ್ಕಿಸುವ ಚಿಪ್ ಡ್ರೈವ್. ಎಚ್61ರ ನಾಲ್ಕೂ ಸಾಟಾ ಪೋರ್ಟ್‌ಗಳು 3 ಗಿಗಾಬಿಟ್‌ನವು, ಸೆಕೆಂಡಿಗೆ 270 ಎಂಬಿ ಸಿಕ್ಕರೆ ದೊಡ್ಡದು. ಎನ್‌ವಿಎಂಇ ಡಬ್ಬಿಯ ಮೇಲೆ ಬರೆದ 3500ರ ಮುಂದೆ ಇದು ನಗೆಪಾಟಲಿನ ಸಂಖ್ಯೆ, ನಿಜ. ಆದರೆ ನಿಮ್ಮ ಯಂತ್ರ ತೆವಳುತ್ತಿರುವ ಕಾರಣ ಬೇರೆ. 7200 ಸುತ್ತಿನ ತಟ್ಟೆ ಒಮ್ಮೆ ತಿರುಗಲು 8.3 ಮಿಲಿಸೆಕೆಂಡ್ ಬೇಕು. ಬೇಕಾದ ತುಣುಕು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅದರ ಅರ್ಧ, ಮುಳ್ಳು ಜಾಗ ಬದಲಿಸಲು ಇನ್ನೊಂದು ಎಂಟೊಂಬತ್ತು. ಅಂದರೆ ಸೆಕೆಂಡಿಗೆ ಎಂಬತ್ತು ತುಣುಕು ಸಿಗಬಹುದು. ತುಣುಕು 4 ಕೆಬಿಯದಾದರೆ ಒಟ್ಟು 320 ಕೆಬಿ! ಬೂಟ್ ಆಗುವಾಗ ವಿಂಡೋಸ್ ಕೇಳುವುದು ಇಂಥ ಚೂರುಪಾರುಗಳನ್ನೇ. ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ. ಅದೇ ಹಳೆಯ ಪೋರ್ಟ್‌ನಲ್ಲೂ ಇಂಥ ಸಾವಿರಾರು ತುಣುಕು ಕೊಡುತ್ತದೆ.

ಕೆಂಪು ಕೇಬಲ್:
ಕೊಂಡ ಡ್ರೈವನ್ನು ಬಿಟ್ಟು ಇನ್ನೊಂದು ಏಕೆ ಕೊಳ್ಳಬೇಕು? ಕ್ಲೋವರ್ ಎಂಬ ಬೂಟ್ ಲೋಡರನ್ನು ಪೆನ್ ಡ್ರೈವ್‌ಗೆ ಹಾಕಿ, ಬಯಾಸ್ ಅದರಿಂದ ಏಳಲಿ, ಅದು ಎನ್‌ವಿಎಂಇಯನ್ನು ಎಬ್ಬಿಸಲಿ. ನನ್ನ ಯಂತ್ರ ಎರಡು ವರ್ಷ ಹೀಗೇ ನಡೆಯಿತು.

ಇನ್ನೊಂದು ಮಾತು. ಅರ್ಧ ನಿಮಿಷ ಸ್ತಬ್ಧವಾಗುವುದು ಬರೀ ನಿಧಾನದ ಲಕ್ಷಣವಲ್ಲ. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ತೆರೆದು 05, ಸಿ5, ಸಿ7 ಸಾಲುಗಳ ಕೊನೆಯ ಅಂಕಣದಲ್ಲಿ ಏನಿದೆ ಎಂದು ತಿಳಿಸಿ.

ತಿರುಪುಳಿ:
ಕ್ಲೋವರ್ ಕೆಲಸ ಮಾಡುತ್ತದೆ, ಅಲ್ಲಗಳೆಯುವುದಿಲ್ಲ. ಪತ್ರಿಕೆ ಅಚ್ಚಿಗೆ ಹೋಗಬೇಕಾದ ದಿನವೇ ಮನೆಯಲ್ಲಿ ಯಾರೋ ಆ ಪೆನ್ ಡ್ರೈವ್ ಕಿತ್ತು ಕಾರಿಗೆ ಹಾಡು ತುಂಬಿಸಿಕೊಂಡರೆ? ಹೊಟ್ಟೆಪಾಡಿನ ಯಂತ್ರದಲ್ಲಿ ನಾನಂತೂ ಮಾಡುವುದಿಲ್ಲ.

ಮುದ್ರಣಮನೆ:
05 ಮತ್ತು ಸಿ5 ಎರಡೂ ಸೊನ್ನೆ. ಸಿ7ರಲ್ಲಿ ಒಂದಷ್ಟು ಸೊನ್ನೆಗಳ ನಂತರ 4ಬಿ2 ಎಂದಿದೆ.

ಕೆಂಪು ಕೇಬಲ್:
ಅದು ಹದಿನಾರರ ಲೆಕ್ಕ, ನಮ್ಮ ಲೆಕ್ಕದಲ್ಲಿ 1202. ತಟ್ಟೆಯಲ್ಲಿ ಕೆಟ್ಟ ಜಾಗವಿದ್ದರೆ 05, ಸಿ5 ಏರುತ್ತವೆ. ಸಿ7 ಏರುವುದು ದತ್ತಾಂಶ ದಾರಿಯಲ್ಲಿ ಕೆಟ್ಟಾಗ. ಮೊದಲು ಸಾಟಾ ಕೇಬಲ್ ಬದಲಿಸಿ, ನೂರಿನ್ನೂರು ರೂಪಾಯಿಯ ಬಾಬತ್ತು. ಸಂಖ್ಯೆ ಇಳಿಯುವುದಿಲ್ಲ, ಎಂದಿಗೂ. ಬರೆದಿಟ್ಟುಕೊಂಡು ಮುಂದೆ ಏರುತ್ತದೆಯೇ ನೋಡಿ.

ಮುದ್ರಣಮನೆ:
ಕ್ಯಾಬಿನೆಟ್ ಬಿಚ್ಚಿದೆ. ಕೇಬಲ್ ಪವರ್ ಸಪ್ಲೈ ಹಿಂದೆ ಲಕೋಟೆ ಮಡಿಸಿದಂತೆ ಚೂಪಾಗಿ ಮಡಿಸಿಕೊಂಡಿತ್ತು. ತುದಿಯಲ್ಲಿ ಲೋಹದ ಕೊಂಡಿಯೂ ಇಲ್ಲ, ಬೆರಳು ತಾಗಿಸಿದರೆ ಅಲುಗಾಡುತ್ತಿತ್ತು. ಹೊಸದು ಹಾಕಿ ಮೂರು ದಿನವಾಯಿತು, 4ಬಿ2 ಹಾಗೇ ಇದೆ. ಸ್ತಬ್ಧವಾಗುವುದು ನಿಂತಿದೆ, ನಿಧಾನ ಮಾತ್ರ ನಿಂತಿಲ್ಲ. ಕೊನೆಗೆ ಸಾಟಾ ಎಸ್‌ಎಸ್‌ಡಿ ತಂದು ವಿಂಡೋಸ್ ನಕಲು ಮಾಡಿದೆ, ಬೂಟ್ ಆಯಿತು. ಅಲ್ಲಿಗೇ ಬಿಡಬೇಕಿತ್ತು. ಬಯಾಸ್‌ನಲ್ಲಿ ಸಾಟಾ ವಿಧಾನ (ಡಿಸ್ಕ್ ಜೊತೆ ಮಾತಾಡುವ ರೀತಿ) ಹಳೆಯ ಐಡಿಇ ಎಂದಿದ್ದದ್ದನ್ನು ಹೊಸ ಎಎಚ್‌ಸಿಐ ಮಾಡಿದೆ. ಈಗ ನೀಲಿ ಪರದೆ.

ತಿರುಪುಳಿ:
ಗಾಬರಿ ಬೇಡ. ಮತ್ತೆ ಐಡಿಇ ಮಾಡಿ, ವಿಂಡೋಸ್ ಬರುತ್ತದೆ. ಎಂಎಸ್‌ಕಾನ್‌ಫಿಗ್ ತೆರೆದು ಬೂಟ್ ವಿಭಾಗದಲ್ಲಿ ಸೇಫ್ ಬೂಟ್‌ಗೆ ಗುರುತು ಹಾಕಿ. ಮರುಚಾಲನೆಯ ವೇಳೆ ಬಯಾಸ್‌ಗೆ ಹೋಗಿ ಎಎಚ್‌ಸಿಐ ಮಾಡಿ. ಒಮ್ಮೆ ಸೇಫ್ ಮೋಡ್‌ನಲ್ಲಿ ಎದ್ದರೆ ಬೇಕಾದ ಚಾಲಕ ತಂತ್ರಾಂಶವನ್ನು ವಿಂಡೋಸ್ ತಾನೇ ಸೇರಿಸಿಕೊಳ್ಳುತ್ತದೆ. ಬಳಿಕ ಆ ಗುರುತು ತೆಗೆಯಿರಿ.

ಮುದ್ರಣಮನೆ:
ಆಯಿತು! ಸ್ವಿಚ್ ಒತ್ತಿದ 28 ಸೆಕೆಂಡಿಗೆ ಡೆಸ್ಕ್‌ಟಾಪ್ ಬಂತು. ಅಂಗಡಿಯವರು ಎನ್‌ವಿಎಂಇಯನ್ನು ವಾಪಸು ಪಡೆಯಲಿಲ್ಲ. ಅದನ್ನು ಡಿ ಡ್ರೈವ್ ಆಗಿಯೇ ಉಳಿಸಿಕೊಂಡು ಫೋಟೋಶಾಪ್‌ನ ತಾತ್ಕಾಲಿಕ ಕಡತಗಳಿಗೆ ಬಿಟ್ಟಿದ್ದೇನೆ. ಹಳೆಯ ಡಿಸ್ಕ್ ಬ್ಯಾಕಪ್‌ಗೆ. ಮುಂದೆಂದಾದರೂ ಬೋರ್ಡ್ ಬದಲಿಸಿದರೆ ಮೂರನ್ನೂ ಅದಕ್ಕೇ ಸಾಗಿಸಬಹುದೇ?

ತಿರುಪುಳಿ:
ಧಾರಾಳವಾಗಿ. ಇಂಥ ಡ್ರೈವ್ ನೇರವಾಗಿ ಕೂರುವ ಎಂ.2 ಸ್ಲಾಟ್ ಇರುವ ಬೋರ್ಡ್‌ನಲ್ಲಿ ಅಡಾಪ್ಟರ್ ಕೂಡ ಬೇಡ. ಆದರೆ ಕೆಲವು ಬೋರ್ಡ್‌ಗಳಲ್ಲಿ ಆ ಸ್ಲಾಟ್ ತುಂಬಿದರೆ ಒಂದೋ ಎರಡೋ ಸಾಟಾ ಪೋರ್ಟ್ ತಾನೇ ಸ್ಥಗಿತವಾಗುತ್ತದೆ. ಯಾವ ಪೋರ್ಟ್ ಎಂಬುದು ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ಓದದೆ ‘ಹಳೆಯ ಡಿಸ್ಕ್ ಸತ್ತಿತು’ ಎಂದು ಬರೆಯಬೇಡಿ.