ಸಹಾಯ ಬೇಕು: ಸಿಮ್ಯುಲೇಶನ್‌ನಲ್ಲಿ ನೀರು ಆವಿಯಾಗುತ್ತಲೇ ಇಲ್ಲ

ಎಲ್ಲರಿಗೂ ನಮಸ್ಕಾರ. ನಾನು ರಾಯಚೂರಿನವನು. ನಮ್ಮ ಕೃಷಿ ಹೊಂಡ ಏಪ್ರಿಲ್ ಮುಗಿಯುವಷ್ಟರಲ್ಲಿ ತಳ ಕಾಣುತ್ತದೆ. ಆ ಸಿಟ್ಟಿಗೇ ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ನೀರಿನ ಮೇಲೆ ಹರಡಿ ಆವಿ ತಡೆಯುವ ಪದರದ ವಿಷಯ ಹಿಡಿದೆ.

ಗ್ರೋಮ್ಯಾಕ್ಸ್‌ನಲ್ಲಿ (ಅಣುಗಳ ಚಲನೆ ಲೆಕ್ಕಹಾಕುವ ತಂತ್ರಾಂಶ) ನೀರಿನ ಚಪ್ಪಡಿ, ಎರಡೂ ಮುಖಕ್ಕೆ ಆಕ್ಟಾಡೆಕನಾಲ್‌ನ (ಉದ್ದ ಇಂಗಾಲದ ಬಾಲವಿರುವ ಆಲ್ಕೋಹಾಲ್) ಒಂದೇ ಅಣು ದಪ್ಪದ ಪದರ, ಆಚೆ ನಿರ್ವಾತ, 313 ಕೆಲ್ವಿನ್ (ಸುಮಾರು 40 ಡಿಗ್ರಿ ಸೆಲ್ಸಿಯಸ್). ಅಣುವೊಂದಕ್ಕೆ 0.20 ಚದರ ನ್ಯಾನೋಮೀಟರ್ ಜಾಗ ಕೊಟ್ಟರೆ ಬಾಲಗಳು ಜೋಳದ ದಂಟಿನಂತೆ ಒತ್ತಾಗಿ ನಿಲ್ಲುತ್ತವೆ, 0.30 ಕೊಟ್ಟರೆ ಪದರದಲ್ಲಿ ತೂತು. ಪದರ ತೆಗೆದರೆ ನೀರಿನ ಅಣುಗಳು ಸಲೀಸಾಗಿ ಹಾರುತ್ತವೆ. ಒತ್ತಾದ ಪದರವಿದ್ದರೆ 100 ನ್ಯಾನೋಸೆಕೆಂಡ್ ಓಡಿಸಿದರೂ ಒಂದೂ ಹೊರಬರಲಿಲ್ಲ, ಹಾಗಾಗಿ ಪದರ ಎಷ್ಟು ತಡೆಯುತ್ತದೆ ಎಂದು ಎಣಿಸಿ ಹೇಳಲಾಗುತ್ತಿಲ್ಲ. (ಹೊಂಡ ಮಾತ್ರ ಒಣಗುತ್ತಲೇ ಇದೆ!) ತಾಪ ಏರಿಸಿದೆ, ಪದರವೇ ಕದಡಿತು. ಒತ್ತಡ ನಿಯಂತ್ರಣ ಹಾಕಿದೆ, ನಿರ್ವಾತ ಕುಗ್ಗಿಹೋಯಿತು.

ಈಗ ಅಂಬ್ರೆಲಾ ಸ್ಯಾಂಪ್ಲಿಂಗ್‌ಗೆ (ನೀರಿನ ಅಣುವನ್ನು ಪದರದ ಒಂದೊಂದು ಆಳದಲ್ಲಿ ಹಿಡಿದಿಟ್ಟು ಲೆಕ್ಕಹಾಕುವ ವಿಧಾನ) ಇಳಿದಿದ್ದೇನೆ. ಆವಿಗೆ ಪದರ ಒಡ್ಡುವ ಪ್ರತಿರೋಧ ಲೆಕ್ಕಹಾಕಲು ಮುಕ್ತ ಶಕ್ತಿಯ ರೇಖೆಯೊಂದೇ (ಅಣು ದಾಟಬೇಕಾದ ಶಕ್ತಿಯ ಏರಿಳಿತ) ಸಾಕೇ, ಇಲ್ಲವೇ ಪದರದ ಪ್ರತಿ ಆಳದಲ್ಲೂ ವಿಸರಣ ಗುಣಾಂಕವನ್ನು (ಅಣು ಎಷ್ಟು ಬೇಗ ಹರಡುತ್ತದೆ ಎಂಬ ಅಳತೆ) ಬೇರೆಯಾಗಿ ಅಳೆಯಬೇಕೇ? ಮಾಡಿದವರು ದಯವಿಟ್ಟು ತಿಳಿಸಿ.