‘ಮೈಮೇಲೆ ಬರುತ್ತೆ’, ‘ಹಿಡಿದಿದೆ’: ಎರಡಕ್ಕೂ ಹೊಂದುವ ಒಂದು ಪದ ಇದೆಯೇ?

ಆಸ್ಪತ್ರೆಗಳಲ್ಲಿ ರೋಗಿಗಳ ಜೊತೆ ಕೂತು ಮಾತಾಡುವ ಪಾದ್ರಿಗಳು, ಸಿಸ್ಟರ್‌ಗಳು, ಆಪ್ತಸಮಾಲೋಚಕರಿಗಾಗಿ ಕನ್ನಡದಲ್ಲಿ ಒಂದು ಪ್ರಶ್ನಾವಳಿ ಸಿದ್ಧವಾಗುತ್ತಿದೆ. ‘ಪೊಸೆಷನ್’ (ದೇವರೋ ದೆವ್ವವೋ ಒಬ್ಬರ ಮೈಯನ್ನು ಆವರಿಸಿಕೊಳ್ಳುವುದು) ಅನ್ನುವ ಕಡೆ ಏನು ಹಾಕಬೇಕೆಂದು ತಿಳಿಯದೆ ಕೇಳುತ್ತಿದ್ದೇನೆ.

ನಿಘಂಟಿನ ‘ಆವೇಶ’ ನಡೆಯುವುದಿಲ್ಲ. ‘ನಿಮಗೆ ಆವೇಶ ಬರುತ್ತಾ?’ ಅಂದರೆ ಸಿಟ್ಟಿನ ಬಗ್ಗೆ ಕೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ‘ಗಾಳಿ ಸೋಕು’ ಚೆನ್ನಾಗಿದೆ, ಆದರೆ ಆಸ್ಪತ್ರೆಯೊಳಗೆ ‘ಸೋಂಕು’ ಈಗ ಬೇರೆಯೇ. ಕರಾವಳಿಯ ಪಾತ್ರಿಗೆ (ದೈವ ಮೈಮೇಲೆ ಬರುವವನಿಗೆ) ‘ದರ್ಶನ’ ಬರುತ್ತದೆ. ಮೈಸೂರಿನಲ್ಲಿ ‘ದರ್ಶನ ಆಯ್ತಾ?’ ಎಂದರೆ ‘ಹೂಂ, ಚಾಮುಂಡಿ ಬೆಟ್ಟಕ್ಕೆ ಹೋಗಿದ್ವಿ’ ಅನ್ನುವ ಉತ್ತರ ಬಂದೀತು.

ಉಳಿದವು ಎರಡು ಕ್ರಿಯಾಪದಗಳು. ‘ಅವಳ ಮೈಮೇಲೆ ಅಮ್ಮ ಬರುತ್ತೆ’: ರೂಢಿಯ ಕಾಲ, ಅಮಾವಾಸ್ಯೆ, ಜಾತ್ರೆ ಎಂದು ಹೊತ್ತು ಗೊತ್ತು, ಬಂದದ್ದು ತಾನೇ ಇಳಿಯುತ್ತೆ. ‘ಅವಳಿಗೆ ದೆವ್ವ ಹಿಡಿದಿದೆ’ (ಉತ್ತರದ ಕಡೆ ‘ಬಡದೈತಿ’): ಹಿಡಿದದ್ದು ಇನ್ನೂ ಬಿಟ್ಟಿಲ್ಲ, ಯಾರಾದರೂ ಬಿಡಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 (2022ರಿಂದ ಜಾರಿ) ಕಾಯಿಲೆಗೆ ಗೆರೆ ಎಳೆಯುವುದೂ ಹೆಚ್ಚುಕಡಿಮೆ ಇಲ್ಲೇ. ತಾನಲ್ಲದ ಇನ್ನೊಬ್ಬರು ತನ್ನನ್ನು ಆಳುತ್ತಿದ್ದಾರೆಂಬ ಅನುಭವ ಇದ್ದಮಾತ್ರಕ್ಕೆ ಕಾಯಿಲೆಯಲ್ಲ. ಅದು ಬೇಡದೆ ಬಂದಿರಬೇಕು, ಆ ಸಮುದಾಯ ಒಪ್ಪಿದ ಆಚರಣೆಯ ಭಾಗವಾಗಿರಬಾರದು, ತೀವ್ರ ಸಂಕಟವನ್ನೋ ಬದುಕಿಗೆ ತೊಡಕನ್ನೋ ತಂದಿರಬೇಕು. ಮತ್ತೆ ಮತ್ತೆ ಆಗಬೇಕು, ಒಂದೇ ಸಲವಾದರೆ ಹಲವು ದಿನ ನಿಂತಿರಬೇಕು.

ಎಡವಟ್ಟಾಗುವುದು ಕೇಳುವವರ ಕಡೆಯಿಂದ. ಕನ್ನಡ ಬೈಬಲ್‌ನಲ್ಲಿ ದೆವ್ವ ‘ಹಿಡಿಯುತ್ತದೆ’, ಯೇಸು ‘ಬಿಡಿಸುತ್ತಾನೆ’, ಪವಿತ್ರಾತ್ಮನ ವಿಷಯವಾದರೆ ಜನ ‘ಭರಿತರಾದರು’. ಕಿವಿಗೆ ರೂಢಿಯಾದದ್ದು ಈ ಮಾತುಗಳು. ಹಾಗಾಗಿ ಸಭಾಪಾಲಕರ (ಚರ್ಚಿನ ಪಾದ್ರಿಗಳ) ಕಿವಿ ‘ಎಲ್ಲಮ್ಮ ಬರ್ತಾಳೆ’ಯನ್ನು ‘ಹಿಡಿದಿದೆ’ಗೆ ತಿರುಗಿಸಿಕೊಳ್ಳುತ್ತದೆ, ಕಡತಕ್ಕೆ ಅದೇ ಹೋಗುತ್ತದೆ. ಹಾಗೆ ಹೇಳಿದ ಹೆಂಗಸಿನ ಊರಲ್ಲಿ ಜನ ಕಾಲಿಗೆ ಬೀಳುವ ಸಂಗತಿ ಇಲ್ಲಿ ಪೀಡೆ! ಇದಾದ ಮೇಲೆ ಆಕೆ ಬಾಯಿ ಬಿಡುವುದು ಕಷ್ಟ.

ಅದಕ್ಕೇ ಮೊದಲ ಪ್ರಶ್ನೆಯಲ್ಲಿ ಹೆಸರೇ ಬೇಡ ಅನ್ನಿಸುತ್ತದೆ: ‘ಹೀಗಾದಾಗ ಮನೇಲಿ ಏನಂತಾರೆ?’ ಅಂದಷ್ಟೇ ಕೇಳಿ, ಬಂದ ಉತ್ತರವನ್ನು ಕ್ರಿಯಾಪದದ ಪ್ರತ್ಯಯ ಸಮೇತ ಬರೆದುಕೊಳ್ಳುವುದು. ‘ಬಂತು’ ಅಂದದ್ದನ್ನು ‘ಬರುತ್ತೆ’ ಎಂದು ತಿದ್ದುವಂತಿಲ್ಲ. ಮುಂದೆ ಅದೇ ಕ್ರಿಯಾಪದ ಹಿಡಿದು ಕೇಳುವುದು: ಯಾವಾಗ ಬರುತ್ತೆ, ಬರಲಿ ಅನ್ನಿಸುತ್ತಾ, ತಾನೇ ಹೋಗುತ್ತಾ, ಊಟ-ನಿದ್ದೆ-ಕೆಲಸ ಹೇಗಿದೆ. ನಾಲಿಗೆ ಕಚ್ಚಿಕೊಂಡದ್ದು, ಬಟ್ಟೆಯಲ್ಲೇ ಮೂತ್ರ ಹೋದದ್ದು ಇದ್ದರೆ ಅಪಸ್ಮಾರ (ಮೂರ್ಛೆ ರೋಗ) ಇರಬಹುದು. ಚರ್ಚೆ ಬಿಟ್ಟು ವೈದ್ಯರ ಬಳಿ ಕಳಿಸಬೇಕು.

ಆದರೂ ಪ್ರಶ್ನಾವಳಿಯ ಆ ಕಾಲಂಗೆ ಒಂದು ತಲೆಬರಹ ಬೇಕಲ್ಲ. ‘ಮೈದುಂಬುವುದು’ ಎರಡೂ ಕಡೆ ವಾಲದ ಪದವೆಂದು ನನಗನ್ನಿಸುತ್ತದೆ, ಆದರೆ ಮಳೆಗಾಲದ ಹೊಳೆಯೂ ಮೈದುಂಬುತ್ತದೆ. ನಿಮ್ಮ ಸೀಮೆಯಲ್ಲಿ ಇದನ್ನು ದೆವ್ವಕ್ಕೂ ಬಳಸುತ್ತಾರೆಯೇ, ದೇವರಿಗೆ ಮಾತ್ರವೇ? ಕೊಡಗು, ಬೀದರ್, ಕಲಬುರಗಿ ಕಡೆಯವರು ವಾಕ್ಯದ ಸಮೇತ ತಿಳಿಸಿದರೆ ಉಪಕಾರ. ಕನ್ನಡದಲ್ಲೇ ಹರಕೆ ಹೊತ್ತು ದರ್ಗಾಗಳಿಗೆ ಹೋಗುವವರು ಏನನ್ನುತ್ತಾರೆ ಎಂಬುದೂ ಬೇಕು.